ಡಿಐಪಿಇಎ ಜಾಸ್ತಿ ಹಾಕಬೇಕೋ, ಕಡಿಮೆ ಮಾಡಬೇಕೋ?

ಪ್ರಶ್ನೆ: ನಾನು ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದೇನೆ. 14 ಅಮೈನೊ ಆಮ್ಲಗಳ ಒಂದು ಪೆಪ್ಟೈಡನ್ನು (ಅಮೈನೊ ಆಮ್ಲಗಳ ಸರಪಳಿ) ರಿಂಕ್ ಅಮೈಡ್ ರೆಸಿನ್ ಎಂಬ ಸಣ್ಣ ಮಣಿಗಳ ಮೇಲೆ, ಎಫ್‌ಮಾಕ್ ವಿಧಾನದಲ್ಲಿ (ಅಮೈನೊ ಆಮ್ಲದ ಅಮೈನ್ ತುದಿಯನ್ನು ಎಫ್‌ಮಾಕ್ ಎಂಬ ರಕ್ಷಕ ಗುಂಪಿನಿಂದ ಮುಚ್ಚಿ, ಜೋಡಿಸಿದ ಮೇಲೆ ಅದನ್ನು ತೆಗೆಯುವುದು) ಕೈಯಿಂದಲೇ ಮಾಡುತ್ತಿದ್ದೇನೆ. ಸ್ಕೇಲ್ 0.1 ಮಿಲಿಮೋಲ್. ಪ್ರತಿ ಕಪ್ಲಿಂಗ್‌ಗೆ, ಅಂದರೆ ಒಂದೊಂದು ಅಮೈನೊ ಆಮ್ಲ ಜೋಡಿಸುವಾಗ, ಅಮೈನೊ ಆಮ್ಲ 4 ಈಕ್ವಿವಲೆಂಟ್ (ಸ್ಕೇಲ್‌ನ ನಾಲ್ಕು ಪಟ್ಟು ಮೋಲ್), ಅದನ್ನು ಸಕ್ರಿಯಗೊಳಿಸುವ ಹ್ಯಾಟು 4, ಬೇಸ್ ಆದ ಡಿಐಪಿಇಎ 8. ಮೂರನ್ನೂ ಡಿಎಂಎಫ್ ದ್ರಾವಕದಲ್ಲಿ ಬೆರೆಸಿ 10 ನಿಮಿಷ ಬಿಟ್ಟು, ಆಮೇಲೆ ರೆಸಿನ್‌ಗೆ ಹಾಕುತ್ತೇನೆ. ರೆಸಿನ್ ಕಡೆಯಿಂದ ಎಣಿಸಿದರೆ 3ನೆಯದು ಸಿಸ್ಟೀನ್, 4 ಗ್ಲೈಸಿನ್, 5 ಆಸ್ಪಾರ್ಟಿಕ್ ಆಮ್ಲ, 9 ವ್ಯಾಲಿನ್, 10 ಐಸೊಲ್ಯೂಸಿನ್, 11 ಹಿಸ್ಟಿಡಿನ್. 8ರವರೆಗೆ ತೊಂದರೆ ಇರಲಿಲ್ಲ. ವ್ಯಾಲಿನ್ ಹಾಕಿದಾಗ ಕೈಸರ್ ಟೆಸ್ಟ್ (ಜೋಡಿಯಾಗದ ಅಮೈನ್ ಉಳಿದಿದ್ದರೆ ನೀಲಿ ಬಣ್ಣ ಕೊಡುವ ಪರೀಕ್ಷೆ) ನೀಲಿಯಾಗಿಯೇ ಉಳಿಯಿತು. ಸೀನಿಯರ್ ಒಬ್ಬರು ‘ಡಿಐಪಿಇಎ ಡಬಲ್ ಮಾಡು, ರಾತ್ರಿಯಿಡೀ ಬಿಡು’ ಅಂದರು. ಹಾಗೇ ಮಾಡಿದೆ. ಜೊತೆಗೆ ಇನ್ನಷ್ಟು ಹ್ಯಾಟುವನ್ನು ನೇರವಾಗಿ ರೆಸಿನ್ ಮೇಲೆಯೇ ಹಾಕಿದೆ. ಕೊನೆಗೆ ಅರ್ಧ ರೆಸಿನ್ ಕ್ಲೀವ್ ಮಾಡಿ (ಪೆಪ್ಟೈಡನ್ನು ರೆಸಿನ್‌ನಿಂದ ಬಿಡಿಸಿ) ಎಲ್‌ಸಿ-ಎಂಎಸ್ (ಘಟಕಗಳನ್ನು ಬೇರ್ಪಡಿಸಿ ಮಾಸ್ ಅಳೆಯುವ ಯಂತ್ರ) ನೋಡಿದರೆ, ಮುಖ್ಯ ಪೀಕ್ ಪಕ್ಕದಲ್ಲೇ ಅದೇ ಮಾಸ್‌ನ ಇನ್ನೊಂದು ಪೀಕ್ ಇದೆ. 18 ಕಡಿಮೆ ಇರುವ ಒಂದು ಪೀಕ್ ಇದೆ. ಮೊದಲ 8 ಅಮೈನೊ ಆಮ್ಲಗಳ ತುಂಡಿಗೆ 98 ಸೇರಿಸಿದರೆ ಬರುವ ಮಾಸ್‌ನದೂ ಒಂದಿದೆ. ನಮ್ಮ ಡಿಐಪಿಇಎ ಬಾಟಲಿ ಹಳೆಯದು, ಹಳದಿಗೆ ತಿರುಗಿದೆ. ಈಗ ಲ್ಯಾಬ್‌ನಲ್ಲಿ ಇನ್ನೊಬ್ಬರು ‘ಡಿಐಪಿಇಎ ಹಾಕಿದರೆ ರೆಸಿಮೈಸ್ ಆಗೇ ಆಗುತ್ತೆ, ಬೇಸೇ ಬೇಡ’ ಅನ್ನುತ್ತಿದ್ದಾರೆ (ರೆಸಿಮೈಸ್ ಅಂದರೆ ಅಮೈನೊ ಆಮ್ಲ ತನ್ನ ಸಹಜ ಎಲ್ ರೂಪದಿಂದ ಕನ್ನಡಿಬಿಂಬದಂಥ ಡಿ ರೂಪಕ್ಕೆ ತಿರುಗುವುದು). ಯಾರ ಮಾತು ಕೇಳಲಿ? ಇಡೀ ಪೆಪ್ಟೈಡನ್ನು ಮತ್ತೆ ಮಾಡಬೇಕಾ?

ಉತ್ತರ: ಬೇಕಾದ ವಿವರಗಳನ್ನೆಲ್ಲ ಕೊಟ್ಟಿದ್ದೀರಿ. ಅದರಿಂದ ತುಂಬಾ ಅನುಕೂಲವಾಯಿತು. ನಿಮ್ಮ ಗೊಂದಲ ಇಷ್ಟು: ಬೇಸ್ ಸಾಲದೆ ಕಪ್ಲಿಂಗ್ ನಿಂತುಹೋಯಿತೋ, ಇಲ್ಲಾ ಬೇಸ್ ಜಾಸ್ತಿಯಾಗಿ ಪೆಪ್ಟೈಡ್ ಕೆಟ್ಟಿತೋ? ನನ್ನ ಪ್ರಕಾರ ಪ್ರಶ್ನೆಯನ್ನು ಹೀಗೆ ಕೇಳಿಕೊಂಡಿದ್ದರಿಂದಲೇ ದಾರಿ ತಪ್ಪಿದೆ. ನಿಮಗೆ ಕಂಡ ತೊಂದರೆಗಳು ನಾಲ್ಕು. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಡಿಐಪಿಇಎ ಮೇಲೆ ನೇರವಾಗಿ ಅನುಮಾನ ಪಡಬೇಕಾದದ್ದು ಅವುಗಳಲ್ಲಿ ಒಂದರಲ್ಲಿ ಮಾತ್ರ, ಅಲ್ಲೂ ಅದೊಂದೇ ಆರೋಪಿಯಲ್ಲ. ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ, ಅದು ಯಾವುದರ ಜೊತೆ ಎಷ್ಟು ಹೊತ್ತು ಇತ್ತು ಅನ್ನುವುದು ಇಲ್ಲಿ ಮುಖ್ಯ.

ಮೊದಲು ಈ ಬೇಸ್‌ಗೆ ಕಪ್ಲಿಂಗ್‌ನಲ್ಲಿ ಏನು ಕೆಲಸ ಅಂತ ನೋಡೋಣ. ಹ್ಯಾಟು ತಾನಾಗಿಯೇ ಅಮೈನೊ ಆಮ್ಲದ ಜೊತೆ ಸೇರುವುದಿಲ್ಲ. ಆಮ್ಲದ ಪ್ರೋಟಾನ್ ಹೋಗಿ ಅದು ಕಾರ್ಬಾಕ್ಸಿಲೇಟ್ ಆಗಬೇಕು. ಆ ಕಾರ್ಬಾಕ್ಸಿಲೇಟ್ ಹ್ಯಾಟುವಿನ ಮೇಲೆ ಎರಗುತ್ತದೆ, ಕೊನೆಗೆ ಹ್ಯಾಟುವಿನ ಭಾಗವಾದ ಎಚ್‌ಒಎಟಿಯ ಸಕ್ರಿಯ ಎಸ್ಟರ್, ಅಂದರೆ ಅಮೈನ್ ಜೊತೆ ಸುಲಭವಾಗಿ ಸೇರುವ ರೂಪ, ಸಿಗುತ್ತದೆ. ಇದಕ್ಕೆ ಒಂದು ಈಕ್ವಿವಲೆಂಟ್ ಬೇಸ್ ಸಾಕು. ರೆಸಿನ್ ಮೇಲಿನ ಅಮೈನ್ ಆ ಎಸ್ಟರನ್ನು ಹಿಡಿದಾಗ ಎಚ್‌ಒಎಟಿ ಹೊರಬೀಳುತ್ತದೆ. ಅದೂ ಆಮ್ಲವೇ. ಅದನ್ನು ಹಿಡಿದಿಡಲು ಇನ್ನೊಂದು ಈಕ್ವಿವಲೆಂಟ್, ಇಲ್ಲದಿದ್ದರೆ ಅದು ರೆಸಿನ್‌ನ ಅಮೈನ್‌ಗೆ ಪ್ರೋಟಾನ್ ಕೊಟ್ಟು ಸುಮ್ಮನೆ ಕೂರಿಸಿಬಿಡುತ್ತದೆ. ಅಮೈನೊ ಆಮ್ಲದ ಎರಡರಷ್ಟು ಬೇಸ್ ಅನ್ನುವ ಲೆಕ್ಕ ಬಂದದ್ದು ಇಲ್ಲಿಂದ. ನೀವು ಹಾಕುತ್ತಿದ್ದ 8 ಈಕ್ವಿವಲೆಂಟ್ ಸರಿಯಾಗಿಯೇ ಇತ್ತು.

ಹಾಗಾದರೆ ಇನ್ನೂ ಜಾಸ್ತಿ ಬೇಸ್ ಯಾವಾಗ ಬೇಕು? ಅಮೈನ್ ಉಪ್ಪಿನ ರೂಪದಲ್ಲಿದ್ದಾಗ. ಬಾಕ್ ಎಂಬ ಇನ್ನೊಂದು ವಿಧಾನದಲ್ಲಿ ರಕ್ಷಕ ಗುಂಪನ್ನು ಟಿಎಫ್‌ಎ ಎಂಬ ಬಲವಾದ ಆಮ್ಲ ಹಾಕಿ ತೆಗೆಯುತ್ತಾರೆ. ಆಗ ಸರಪಳಿಯ ತುದಿಯ ಅಮೈನ್ ಟಿಎಫ್‌ಎ ಉಪ್ಪಾಗಿ ಉಳಿಯುತ್ತದೆ, ಅದನ್ನು ಬಿಡಿಸಲು ಹೆಚ್ಚುವರಿ ಡಿಐಪಿಇಎ ಬೇಕೇ ಬೇಕು. ಫ್ಲಾಸ್ಕ್‌ನಲ್ಲಿ ಹೈಡ್ರೊಕ್ಲೋರೈಡ್ ಉಪ್ಪನ್ನು ಕಪಲ್ ಮಾಡುವಾಗಲೂ ಅಷ್ಟೇ. ಎಫ್‌ಮಾಕ್ ವಿಧಾನದಲ್ಲಿ ನೀವು ಪಿಪೆರಿಡಿನ್ (ಎಫ್‌ಮಾಕ್ ತೆಗೆಯುವ ಬೇಸ್) ಹಾಕಿ ತೊಳೆದ ಮೇಲೆ ಅಮೈನ್ ಆಗಲೇ ಮುಕ್ತವಾಗಿರುತ್ತದೆ. ನಿಮ್ಮ ಸೀನಿಯರ್ ಹೇಳಿದ ‘ಡಬಲ್ ಮಾಡು’ ಅನ್ನುವ ಮಾತು ಬೇರೆ ವಿಧಾನದಲ್ಲಿ ಸರಿ. ಇಲ್ಲಿ ಅದಕ್ಕೆ ಕೆಲಸವಿಲ್ಲ.

ಇನ್ನು ‘ಬೇಸೇ ಬೇಡ’ ಅನ್ನುವವರ ಮಾತು. ಹ್ಯಾಟು ಬಳಸುವವರೆಗೂ ಅದು ನಡೆಯುವುದಿಲ್ಲ, ಕಾರಣ ಮೇಲೆ ಹೇಳಿದೆ. ಹ್ಯಾಟು ಬದಲು ಡಿಐಸಿ ಮತ್ತು ಆಕ್ಸಿಮಾದಂಥ ರೀಏಜೆಂಟ್ ಜೋಡಿ ಬಳಸಿದರೆ ಬೇಸ್ ಇಲ್ಲದೆ ಕಪ್ಲಿಂಗ್ ಆಗುತ್ತದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ವ್ಯಾಲಿನ್ ಯಾಕೆ ನಿಂತಿತು ಅಂತ ನೋಡೋಣ. ಸರಪಳಿ ಐದಾರು ಅಮೈನೊ ಆಮ್ಲ ದಾಟಿದ ಮೇಲೆ ರೆಸಿನ್ ಒಳಗೆ ಅಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟಿಕೊಳ್ಳಬಹುದು. ಹಾಗಾದಾಗ ರೆಸಿನ್ ಸರಿಯಾಗಿ ಉಬ್ಬುವುದಿಲ್ಲ, ತುದಿಯ ಅಮೈನ್ ಒಳಗೆಲ್ಲೋ ಅವಿತುಕೊಳ್ಳುತ್ತದೆ. ಅದರ ಮೇಲೆ ನೀವು ಹಾಕುತ್ತಿರುವುದು ವ್ಯಾಲಿನ್, ನಂತರ ಐಸೊಲ್ಯೂಸಿನ್. ಎರಡಕ್ಕೂ ಬೀಟಾ ಕಾರ್ಬನ್‌ನಲ್ಲೇ ಕವಲು, ಎರಡೂ ದಪ್ಪ, ಎರಡೂ ಈ ಅಂಟಿಕೊಳ್ಳುವ ಚಾಳಿಯನ್ನು ಜಾಸ್ತಿ ಮಾಡುವಂಥವು. ಅಮೈನ್ ಕೈಗೆ ಸಿಗದಿದ್ದಾಗ ಎಷ್ಟು ಬೇಸ್ ಸುರಿದರೂ ಪ್ರಯೋಜನವಿಲ್ಲ. ರೆಸಿನ್ನನ್ನು ಗಮನಿಸಿ ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು. ಚೆನ್ನಾಗಿ ನಡೆಯುವಾಗ ಮಣಿಗಳು ಡಿಎಂಎಫ್‌ನಲ್ಲಿ ಉಬ್ಬಿ, ಸಿರಿಂಜ್ ಅಲುಗಿಸಿದರೆ ಸಡಿಲವಾಗಿ ಹರಿದಾಡುತ್ತವೆ. ಅಂಟಿಕೊಂಡಾಗ ಹಾಸಿಗೆಯ ಎತ್ತರ ಕುಗ್ಗುತ್ತದೆ, ಮಣಿಗಳು ಗುಂಪುಗಟ್ಟಿ ಗೋಡೆಗೆ ಕಚ್ಚುತ್ತವೆ.

ಇದಕ್ಕೆ ಮದ್ದು ಬೇರೆ. ಮೊದಲಿಗೆ ಕಡಿಮೆ ಲೋಡಿಂಗ್ ಇರುವ (ಸರಪಳಿ ಬೆಳೆಯುವ ಜಾಗಗಳು ವಿರಳವಾಗಿರುವ) ರೆಸಿನ್ ತೆಗೆದುಕೊಳ್ಳಿ, ಪ್ರತಿ ಗ್ರಾಂಗೆ 0.2ರಿಂದ 0.4 ಮಿಲಿಮೋಲ್ ಇದ್ದರೆ ಒಳ್ಳೆಯದು. 9 ಮತ್ತು 10ನೇ ಹಂತಗಳಲ್ಲಿ ಎರಡು ಸಲ ಕಪ್ಲಿಂಗ್ ಮಾಡಿ. ಎರಡನೇ ಸಲವೂ ಹೊಸ ದ್ರಾವಣ, ಪ್ರತಿ ಸಲ 45 ನಿಮಿಷದಿಂದ ಒಂದು ಗಂಟೆ. ದ್ರಾವಣ ತೆಳುವಾಗಿರಬಾರದು. ಅದೇ 4 ಈಕ್ವಿವಲೆಂಟನ್ನು 5 ಮಿಲಿಲೀಟರ್‌ನಲ್ಲಿ ಹಾಕುವುದಕ್ಕೂ 2 ಮಿಲಿಲೀಟರ್‌ನಲ್ಲಿ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಡಿಎಂಎಫ್ ಬದಲು ಎನ್‌ಎಂಪಿ ಬಳಸಿ ನೋಡಬಹುದು. ಸರಪಳಿಯಲ್ಲಿ 9ಕ್ಕಿಂತ ಮೊದಲೇ ಸೆರಿನ್ ಅಥವಾ ಥ್ರಿಯೊನಿನ್ ಇದ್ದರೆ ಅಲ್ಲಿ ಸ್ಯೂಡೊಪ್ರೋಲಿನ್ ಡೈಪೆಪ್ಟೈಡ್ (ಒಂದನ್ನು ಪ್ರೋಲಿನ್‌ನಂತೆ ಉಂಗುರವಾಗಿಸಿದ ಎರಡು ಅಮೈನೊ ಆಮ್ಲಗಳ ಜೋಡಿ) ಹಾಕಿದರೆ ಸರಪಳಿ ಬಾಗಿ, ಅಂಟುವುದು ತಪ್ಪುತ್ತದೆ. ಅದಕ್ಕೆ ಹಣ ಜಾಸ್ತಿ, ಆದರೆ ಹಟಮಾರಿ ಪೆಪ್ಟೈಡ್‌ಗಳಲ್ಲಿ ಅದರಷ್ಟು ಪರಿಣಾಮ ಇನ್ನಾವುದರಲ್ಲೂ ನಾನು ಕಂಡಿಲ್ಲ.

ಈಗ ರಾತ್ರಿಯಿಡೀ ಬಿಟ್ಟ ವಿಷಯ. ಡಿಐಪಿಇಎ ಎಫ್‌ಮಾಕ್ ಗುಂಪನ್ನು ಮುಟ್ಟುವುದೇ ಇಲ್ಲ ಅನ್ನುವ ನಂಬಿಕೆ ಬಹಳ ಲ್ಯಾಬ್‌ಗಳಲ್ಲಿದೆ. ಮುಟ್ಟುತ್ತದೆ, ತುಂಬಾ ನಿಧಾನವಾಗಿ. ಡಿಎಂಎಫ್‌ನಲ್ಲಿ 20% ಪಿಪೆರಿಡಿನ್ ಇದ್ದರೆ ಅರ್ಧದಷ್ಟು ಎಫ್‌ಮಾಕ್ ಹೋಗಲು ಕೆಲವೇ ಸೆಕೆಂಡು ಸಾಕು. 50% ಡಿಐಪಿಇಎಗೆ ಅದೇ ಕೆಲಸಕ್ಕೆ ಸುಮಾರು 10 ಗಂಟೆ ಹಿಡಿಯುತ್ತದೆ. ಒಂದು ಗಂಟೆಯ ಕಪ್ಲಿಂಗ್‌ನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ 16 ಈಕ್ವಿವಲೆಂಟ್ ಹಾಕಿ ರಾತ್ರಿಯಿಡೀ ಬಿಟ್ಟಾಗ, ಅದರಲ್ಲೂ ಡಿಐಪಿಇಎ ಹಳೆಯದಾಗಿ ಒಳಗೆ ಸೆಕೆಂಡರಿ ಅಮೈನ್ ಇದ್ದಾಗ, ಆಗಷ್ಟೇ ಸೇರಿದ ವ್ಯಾಲಿನ್ ತನ್ನ ಎಫ್‌ಮಾಕ್ ಕಳೆದುಕೊಂಡು ಇನ್ನೊಂದು ವ್ಯಾಲಿನನ್ನು ಹಿಡಿದುಕೊಳ್ಳಬಹುದು. ನಿಮ್ಮ ಎಲ್‌ಸಿ-ಎಂಎಸ್‌ನಲ್ಲಿ ಪೂರ್ತಿ ಪೆಪ್ಟೈಡ್‌ಗಿಂತ 99 ಜಾಸ್ತಿ ಇರುವ ಪೀಕ್ ಇದೆಯಾ ಅಂತ ದಯವಿಟ್ಟು ಹುಡುಕಿ. ವ್ಯಾಲಿನ್ ಒಂದರ ತೂಕ 99. ನಿಮಗೆ ಆಗಲೇ 98ರ ಒಂದು ಪೀಕ್ ಕಂಡಿರುವುದರಿಂದ ಎರಡನ್ನೂ ಒಂದೇ ಅಂತ ತಿಳಿಯುವ ಅಪಾಯವಿದೆ. 98 ಸೇರಿರುವುದು 8ರ ತುಂಡಿಗೆ. 99 ಇದ್ದರೆ ಅದು 14ರ ಪೂರ್ತಿ ಸರಪಳಿಗೆ ಸೇರಿರುತ್ತದೆ.

ಆ 98 ಎಲ್ಲಿಂದ ಬಂತು? ನೀವು ನೇರವಾಗಿ ರೆಸಿನ್ ಮೇಲೆ ಹಾಕಿದ ಹ್ಯಾಟುವಿನಿಂದ. ಹ್ಯಾಟುಗೆ ಕಾರ್ಬಾಕ್ಸಿಲೇಟ್ ಸಿಕ್ಕರೆ ಅದು ಅದನ್ನೇ ಹಿಡಿಯುತ್ತದೆ. ಸಿಗದಿದ್ದರೆ ರೆಸಿನ್ ಮೇಲಿನ ಅಮೈನನ್ನೇ ಹಿಡಿದು ಟೆಟ್ರಾಮೀಥೈಲ್ ಗ್ವಾನಿಡಿನ್ ಆಗಿಸಿಬಿಡುತ್ತದೆ. ಮಾಸ್ 98 ಏರುತ್ತದೆ. ಆ ತುದಿಯಲ್ಲಿ ಮುಂದೆ ಏನೂ ಬೆಳೆಯುವುದಿಲ್ಲ, ಸರಪಳಿ ಅಲ್ಲಿಗೇ ಮುಗಿಯಿತು. ನಿಮಗೆ ಸಿಕ್ಕಿರುವುದು ಸರಿಯಾಗಿ 8ರ ತುಂಡಿಗೇ 98 ಸೇರಿದ ಪೀಕ್. ಯಾವ ಹಂತದಲ್ಲಿ, ಯಾವ ಕೆಲಸದಿಂದ ಆಯಿತು ಅಂತ ಆ ಪೀಕೇ ಹೇಳುತ್ತಿದೆ. ಇನ್ನೊಂದು ಕಿರಿಕಿರಿ ಕೂಡ ಇದೆ. ಗ್ವಾನಿಡಿನ್ ಆದ ತುದಿಗೆ ಕೈಸರ್ ಟೆಸ್ಟ್ ಬಣ್ಣ ಬರುವುದಿಲ್ಲ. ಬೆಳಗ್ಗೆ ಎದ್ದು ನೋಡಿದಾಗ ನೀಲಿ ತೆಳುವಾಗಿದ್ದರೆ, ಕಪ್ಲಿಂಗ್ ಮುಗಿಯಿತು ಅಂತ ನೀವು ಅಂದುಕೊಂಡಿರಬಹುದು. ಅಮೈನ್ ಖಾಲಿಯಾದದ್ದು ನಿಜ, ವ್ಯಾಲಿನ್ ಸೇರಿ ಅಲ್ಲ ಅಷ್ಟೇ.

ಇದನ್ನು ತಪ್ಪಿಸುವುದು ಸುಲಭ. ಹ್ಯಾಟು ಯಾವಾಗಲೂ ಅಮೈನೊ ಆಮ್ಲಕ್ಕಿಂತ ಒಂಚೂರು ಕಡಿಮೆ ಇರಲಿ. ಅಮೈನೊ ಆಮ್ಲ 4 ಆದರೆ ಹ್ಯಾಟು 3.8. ನಿಮ್ಮ 0.1 ಮಿಲಿಮೋಲ್ ಸ್ಕೇಲ್‌ಗೆ ಅದು ಸುಮಾರು 144 ಮಿಲಿಗ್ರಾಂ. ಡಿಐಪಿಇಎ 0.8 ಮಿಲಿಮೋಲ್, ಅಂದರೆ 139 ಮೈಕ್ರೊಲೀಟರ್. ಒಂದು ಮಿಲಿಮೋಲ್‌ಗೆ 174 ಮೈಕ್ರೊಲೀಟರ್ ಅಂತ ನೆನಪಿಟ್ಟುಕೊಂಡರೆ ಪ್ರತಿ ಸಲ ಲೆಕ್ಕ ಹಾಕಬೇಕಿಲ್ಲ. ಮೊದಲು ಅಮೈನೊ ಆಮ್ಲ, ಹ್ಯಾಟು ಎರಡನ್ನೂ ಡಿಎಂಎಫ್‌ನಲ್ಲಿ ಪೂರ್ತಿ ಕರಗಿಸಿ. ಡಿಐಪಿಇಎ ಕೊನೆಗೆ. ಹಾಕಿದ ಕೂಡಲೇ ದ್ರಾವಣ ಹಳದಿಯಾಗುತ್ತದೆ, ಅದು ಎಚ್‌ಒಎಟಿ ಅಯಾನಿನ ಬಣ್ಣ, ಗಾಬರಿ ಬೇಡ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಅಲುಗಿಸಿ ರೆಸಿನ್‌ಗೆ ಹಾಕಿಬಿಡಿ. ಎಸ್ಟರ್ ಆಗಲು ಅಷ್ಟು ಸಾಕು. ನೀವು ಬಿಡುತ್ತಿದ್ದ 10 ನಿಮಿಷದಲ್ಲಿ ಲಾಭವೇನೂ ಇಲ್ಲ. ಸಕ್ರಿಯವಾದ ಅಮೈನೊ ಆಮ್ಲ ಬೇಸ್ ಜೊತೆ ಸುಮ್ನೆ ಕೂತಿರುತ್ತದೆ, ಕೆಡಲು ಅದೇ ಸಮಯ.

ಹಳದಿ ಬಾಟಲಿ ಬಗ್ಗೆ ಕೇಳಿದ್ದೀರಿ. ಈ ಬೇಸ್‌ನ ಗುಣವೆಲ್ಲ ಅದರ ಆಕಾರದಲ್ಲಿದೆ. ನೈಟ್ರೋಜನ್ ಸುತ್ತ ಎರಡು ಐಸೊಪ್ರೊಪೈಲ್ ಗುಂಪು, ಒಂದು ಈಥೈಲ್ ಗುಂಪು ಇಕ್ಕಟ್ಟಾಗಿ ಕೂತಿವೆ. ಹಾಗಾಗಿ ಅದು ಸಣ್ಣ ಪ್ರೋಟಾನನ್ನು ಎತ್ತಿಕೊಳ್ಳಬಲ್ಲದು, ಕಾರ್ಬನ್ ಮೇಲೆ ಎರಗಲಾರದು. 1958ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಸೀಗ್‌ಫ್ರೀಡ್ ಹ್ಯೂನಿಗ್ ಮತ್ತು ಅವರ ಸಹೋದ್ಯೋಗಿ ಇದನ್ನು ಇದೇ ಕಾರಣಕ್ಕೆ ಮುಂದಿಟ್ಟರು. ಇವತ್ತಿಗೂ ಹ್ಯೂನಿಗ್ ಬೇಸ್ ಅಂತ ಕರೆಯುತ್ತೇವೆ. ಹಳೆಯ ಅಥವಾ ಶುದ್ಧವಲ್ಲದ ಬಾಟಲಿಯಲ್ಲಿ ಮೂರರಲ್ಲಿ ಒಂದು ಗುಂಪು ಇಲ್ಲದ ಅಮೈನ್‌ಗಳು, ಉದಾಹರಣೆಗೆ ಡೈಐಸೊಪ್ರೊಪೈಲ್ ಅಮೈನ್, ಸೇರಿರಬಹುದು. ಅವಕ್ಕೆ ಅಷ್ಟು ಇಕ್ಕಟ್ಟಿಲ್ಲ. ಅವು ಸಕ್ರಿಯ ಎಸ್ಟರನ್ನು ತಿನ್ನುತ್ತವೆ, ಎಫ್‌ಮಾಕ್ ಗುಂಪನ್ನೂ ನಿಧಾನಕ್ಕೆ ಕಿತ್ತುಹಾಕುತ್ತವೆ.

ಆದರೆ ಬಣ್ಣ ನೋಡಿ ತೀರ್ಪು ಕೊಡಬೇಡಿ. ತೆಳು ಹಳದಿ ಇದ್ದೂ ಕೆಲಸಕ್ಕೆ ಬರುವ ಬಾಟಲಿಗಳಿವೆ. ಪರೀಕ್ಷೆ ಮಾಡಿ ನೋಡಿ. ಎಫ್‌ಮಾಕ್ ಇನ್ನೂ ತೆಗೆಯದ, ಕೈಸರ್ ಟೆಸ್ಟ್‌ನಲ್ಲಿ ಬಣ್ಣ ಬಾರದ ಸ್ವಲ್ಪ ರೆಸಿನ್ ತೆಗೆದುಕೊಳ್ಳಿ. ಮೂರು ಭಾಗ ಮಾಡಿ. ಒಂದಕ್ಕೆ ಬರೀ ಡಿಎಂಎಫ್, ಇನ್ನೊಂದಕ್ಕೆ ಡಿಎಂಎಫ್ ಜೊತೆ 5% ಹಳೆಯ ಡಿಐಪಿಇಎ, ಮೂರನೆಯದಕ್ಕೆ ಅಷ್ಟೇ ಹೊಸ ಡಿಐಪಿಇಎ. ನಾಲ್ಕೈದು ಗಂಟೆ ಅಲುಗಿಸಿ, ಚೆನ್ನಾಗಿ ತೊಳೆದು ಕೈಸರ್ ಮಾಡಿ. ಹಳೆಯದರಲ್ಲಿ ಮಾತ್ರ ಮಣಿಗಳು ಎದ್ದು ಕಾಣುವಂತೆ ನೀಲಿಯಾದರೆ ಆ ಬಾಟಲಿಯನ್ನು ಕಪ್ಲಿಂಗ್‌ಗೆ ಬಳಸಬೇಡಿ. ಬರೀ ಡಿಎಂಎಫ್ ಹಾಕಿದ್ದೇ ನೀಲಿಯಾದರೆ ತಪ್ಪು ಡಿಐಪಿಇಎದಲ್ಲ. ಡಿಎಂಎಫ್ ಹಳೆಯದಾದರೆ ಒಡೆದು ಡೈಮೀಥೈಲ್ ಅಮೈನ್ ಬಿಡುತ್ತದೆ, ಅದೂ ಎಫ್‌ಮಾಕ್ ತೆಗೆಯುತ್ತದೆ. ಬೇಸ್ ಮೇಲೆ ಅನುಮಾನ ಪಡುವವರು ಡಿಎಂಎಫ್ ಕಡೆ ತಿರುಗಿಯೂ ನೋಡುವುದಿಲ್ಲ, ಇದು ನನಗೆ ಮತ್ತೆ ಮತ್ತೆ ಸಿಗುವ ಸಂಗತಿ.

ಡಿಐಪಿಇಎಯನ್ನು ಬಟ್ಟಿ ಇಳಿಸಿ ಶುದ್ಧ ಮಾಡಬಹುದು, ಕುದಿಯುವುದು ಸುಮಾರು 127 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಇದರ ಆವಿ 10 ಡಿಗ್ರಿ ಆಸುಪಾಸಿನಲ್ಲೇ ಬೆಂಕಿ ಹಿಡಿಯಬಲ್ಲದು. ನಿಮ್ಮ ಸ್ಕೇಲ್‌ಗೆ ಆ ಸಾಹಸ ಬೇಡ. ಸಣ್ಣ ಬಾಟಲಿ ತರಿಸಿ, ತೆರೆದ ದಿನಾಂಕ ಬರೆದು, ಬೆಳಕು ಬೀಳದ ಕಡೆ ಇಡಿ. ಫ್ಯೂಮ್ ಹುಡ್ ಹೊರಗೆ ತೆರೆಯಬೇಡಿ, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಡಿಐಪಿಇಎ ಇರುವ ವೇಸ್ಟನ್ನು ಟಿಎಫ್‌ಎ ವೇಸ್ಟ್ ಜೊತೆ ಒಂದೇ ಕ್ಯಾನ್‌ಗೆ ಸುರಿಯಬೇಡಿ, ಕೂಡಲೇ ಬಿಸಿಯೇರಿ ಹೊಗೆಯಾಡುತ್ತದೆ. ಹ್ಯಾಟು ಪುಡಿಯ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದಕ್ಕೆ ಅಲರ್ಜಿ ಬೆಳೆಸಿಕೊಂಡವರಿದ್ದಾರೆ, ಕೆಲವರಿಗೆ ಉಸಿರು ಕಟ್ಟುವಷ್ಟು ತೀವ್ರವಾಗಿ. ತೂಗುವಾಗ ಗ್ಲೌಸ್ ಹಾಕಿ, ತಕ್ಕಡಿಯ ಸುತ್ತ ಬಿದ್ದ ಪುಡಿಯನ್ನು ಒರೆಸಿ.

18 ಕಡಿಮೆ ಇರುವ ಪೀಕ್‌ಗೆ ಬರೋಣ. ಗ್ಲೈಸಿನ್ ಮೇಲೆ ಆಸ್ಪಾರ್ಟಿಕ್ ಆಮ್ಲ ಅಂತ ಓದಿದಾಗಲೇ ನನಗೆ ಇದರ ನಿರೀಕ್ಷೆ ಇತ್ತು. ಇದು ಆಸ್ಪಾರ್ಟಿಮೈಡ್. ಆಸ್ಪಾರ್ಟಿಕ್‌ನ ಪಕ್ಕದ ಸರಪಳಿಯ ಎಸ್ಟರ್ ಮೇಲೆ ಗ್ಲೈಸಿನ್‌ನ ಅಮೈಡ್ ನೈಟ್ರೋಜನ್ ಎರಗಿ, ಐದರ ಉಂಗುರ ಕಟ್ಟಿಕೊಳ್ಳುತ್ತದೆ. ಗ್ಲೈಸಿನ್‌ಗೆ ಪಕ್ಕದಲ್ಲಿ ಅಡ್ಡಿಯೇನೂ ಇಲ್ಲದ್ದರಿಂದ ಈ ಜೋಡಿಯಲ್ಲಿ ಇದು ಅತಿ ಸಲೀಸು. ಮಾಡಿಸುವುದು ಡಿಐಪಿಇಎ ಅಲ್ಲ, ಪಿಪೆರಿಡಿನ್. ನಿಮ್ಮ ಆಸ್ಪಾರ್ಟಿಕ್ 5ನೆಯದು. ಅದು ಸೇರಿದ ಮೇಲೆ 14 ಮುಗಿಯುವಷ್ಟರಲ್ಲಿ 10 ಡಿಪ್ರೊಟೆಕ್ಷನ್ (ಎಫ್‌ಮಾಕ್ ತೆಗೆಯುವ ಹಂತ) ಆಗುತ್ತದೆ. ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ಉಂಗುರವಾಗುತ್ತಾ ಹೋಗುತ್ತದೆ. ಅದೇ ಉಂಗುರವನ್ನು ಪಿಪೆರಿಡಿನ್ ಒಡೆದರೆ 67 ಜಾಸ್ತಿ ಇರುವ ಪೀಕ್ ಬರುತ್ತದೆ, ಅದನ್ನೂ ಹುಡುಕಿ. ಯಾರಾದರೂ ‘ಪಿಪೆರಿಡಿನ್ ಬದಲು ಡಿಬಿಯು ಹಾಕು, ಬೇಗ ಆಗುತ್ತೆ’ ಅಂದರೆ ಈ ಪೆಪ್ಟೈಡ್‌ನಲ್ಲಿ ಕೇಳಬೇಡಿ. ಡಿಬಿಯು ಇನ್ನೂ ಬಲವಾದ ಬೇಸ್, ಆಸ್ಪಾರ್ಟಿಮೈಡ್ ಇನ್ನಷ್ಟು ಏರುತ್ತದೆ.

ಈಗ ನಿಮಗೆ ನಿಜವಾಗಿ ನಿದ್ದೆಗೆಡಿಸಬೇಕಾದ ಪೀಕ್: ಅದೇ ಮಾಸ್, ಬೇರೆ ಸಮಯ. ಇದನ್ನು ನೋಡಿದ ಕೂಡಲೇ ಎಲ್ಲರೂ ‘ರೆಸಿಮೈಸ್ ಆಗಿದೆ, ಡಿಐಪಿಇಎದೇ ಕೆಲಸ’ ಅನ್ನುತ್ತಾರೆ. ನಿಮ್ಮ ಪೆಪ್ಟೈಡ್‌ನಲ್ಲಿ ಶಂಕಿತರು ಮೂವರು. ಒಂದು, 3ರ ಸಿಸ್ಟೀನ್ ಡಿ ರೂಪಕ್ಕೆ ತಿರುಗಿರಬಹುದು. ಎರಡು, 11ರ ಹಿಸ್ಟಿಡಿನ್ ಹಾಗಾಗಿರಬಹುದು. ಮೂರು, ಆಸ್ಪಾರ್ಟಿಮೈಡ್ ಉಂಗುರ ನೀರು ತಾಗಿ ತೆರೆದುಕೊಂಡು, ಸರಪಳಿ ಬೀಟಾ ಕಡೆಯಿಂದ, ಅಂದರೆ ಆಸ್ಪಾರ್ಟಿಕ್‌ನ ಪಕ್ಕದ ಸರಪಳಿಯ ಮೂಲಕ, ಮುಂದುವರಿದಿರಬಹುದು. ಬೀಟಾ ಆಸ್ಪಾರ್ಟಿಲ್ ಪೆಪ್ಟೈಡ್‌ಗೂ ಸರಿಯಾದ ಪೆಪ್ಟೈಡ್‌ಗೂ ಮಾಸ್ ಒಂದೇ. 18 ಕಡಿಮೆಯ ಪೀಕ್ ನಿಮ್ಮಲ್ಲಿ ಇದೆ ಅಂದಮೇಲೆ ಮೂರನೆಯದನ್ನು ಬಿಡುವ ಹಾಗೇ ಇಲ್ಲ.

ಮೊದಲ ಇಬ್ಬರ ವಿಷಯದಲ್ಲಿ ಡಿಐಪಿಇಎ ಮೇಲಿನ ಅನುಮಾನ ನ್ಯಾಯವಾದದ್ದೇ. ಸಾಮಾನ್ಯವಾಗಿ ಎಫ್‌ಮಾಕ್ ಇರುವ ಒಂಟಿ ಅಮೈನೊ ಆಮ್ಲ ಸುಲಭವಾಗಿ ರೆಸಿಮೈಸ್ ಆಗುವುದಿಲ್ಲ. ಎಫ್‌ಮಾಕ್‌ನ ಕಾರ್ಬಮೇಟ್ ಗುಂಪು ರೆಸಿಮೈಸೇಶನ್‌ಗೆ ದಾರಿಯಾಗುವ ಆಕ್ಸಜೊಲೋನ್ ಉಂಗುರ ಆಗಲು ಅಷ್ಟಾಗಿ ಬಿಡುವುದಿಲ್ಲ, ಒಂದು ವೇಳೆ ಉಂಗುರ ಆದರೂ ಅಮೈನೊ ಆಮ್ಲ ಬಹುಮಟ್ಟಿಗೆ ತನ್ನ ಎಲ್ ರೂಪ ಉಳಿಸಿಕೊಳ್ಳುತ್ತದೆ. ಸಿಸ್ಟೀನ್, ಹಿಸ್ಟಿಡಿನ್ ಇದಕ್ಕೆ ಹೊರತು. ಸಿಸ್ಟೀನ್‌ನ ಆಲ್ಫಾ ಪ್ರೋಟಾನ್ (ಎಲ್, ಡಿ ರೂಪ ನಿರ್ಧರಿಸುವ ಕಾರ್ಬನ್ ಮೇಲಿನದು) ಸಕ್ರಿಯ ರೂಪದಲ್ಲಿ ಬಹಳ ಸಡಿಲ, ಬಲವಾದ ಬೇಸ್ ಅದನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಹಿಸ್ಟಿಡಿನ್‌ಗೆ ಹೊರಗಿನ ಬೇಸ್ ಕೂಡ ಬೇಕಿಲ್ಲ. ಅದರ ಪಕ್ಕದ ಸರಪಳಿಯನ್ನು ಕಾಯುವ ಟ್ರಿಟಿಲ್ ಗುಂಪು ಇಮಿಡಜೋಲ್ ಉಂಗುರದ ಒಂದು ನೈಟ್ರೋಜನನ್ನು ಮಾತ್ರ ಮುಚ್ಚುತ್ತದೆ, ಇನ್ನೊಂದು ಅಲ್ಲೇ ಪಕ್ಕದಲ್ಲಿದ್ದು ಆಲ್ಫಾ ಪ್ರೋಟಾನನ್ನು ಕೀಳುತ್ತದೆ. ಸಿಸ್ಟೀನ್ ಬಗ್ಗೆ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪೆಪ್ಟೈಡ್ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಹ್ಯಾಟು ಥರದ ರೀಏಜೆಂಟ್‌ಗಳ ಜೊತೆ 5 ನಿಮಿಷ ಮೊದಲೇ ಬೆರೆಸಿಟ್ಟಾಗ 5ರಿಂದ 33% ರೆಸಿಮೈಸೇಶನ್ ಕಂಡಿತ್ತು. ಬೆರೆಸಿಡುವುದನ್ನು ಕೈಬಿಟ್ಟಾಗ ಅದು ಆರೇಳು ಪಟ್ಟು ಇಳಿಯಿತು. ನೀವು ಬೆರೆಸಿಟ್ಟದ್ದು 10 ನಿಮಿಷ.

ಯಾರು ಅಂತ ಹಿಡಿಯುವುದು ಹೇಗೆ? ಮುಂದಿನ ಸಲ ಮಾಡುವಾಗ 3, 5, 8, 10, 11ನೇ ಹಂತಗಳು ಮುಗಿದಾಗ ಪ್ರತಿ ಸಲ ಚಿಟಿಕೆ ಮಣಿ ತೆಗೆದು, ಟಿಎಫ್‌ಎಯಲ್ಲಿ ಕ್ಲೀವ್ ಮಾಡಿ ಎಲ್‌ಸಿ-ಎಂಎಸ್‌ಗೆ ಹಾಕಿ. ರೆಸಿಮೈಸೇಶನ್ ಆಗುವುದು ಆ ಅಮೈನೊ ಆಮ್ಲ ಸೇರುವಾಗ, ಒಂದೇ ಸಲ. ಆಮೇಲೆ ಅದರ ಪಾಲು ಏರುವುದಿಲ್ಲ. ಆಸ್ಪಾರ್ಟಿಮೈಡ್ ಹಾಗಲ್ಲ, ಪ್ರತಿ ಡಿಪ್ರೊಟೆಕ್ಷನ್‌ಗೂ ಏರುತ್ತದೆ. ಜೋಡಿ ಪೀಕ್ 3ರಲ್ಲೇ ಕಂಡು ಕೊನೆಯವರೆಗೆ ಅದೇ ಅನುಪಾತದಲ್ಲಿ ಉಳಿದರೆ ಸಿಸ್ಟೀನ್. 11ರಲ್ಲಿ ಹಠಾತ್ತನೆ ಕಂಡರೆ ಹಿಸ್ಟಿಡಿನ್. 5ರಲ್ಲಿ ಇಲ್ಲದೆ, 8ರಲ್ಲಿ ಸಣ್ಣದಾಗಿ ಕಾಣಿಸಿ, 10ರಲ್ಲಿ ದೊಡ್ಡದಾದರೆ ಆಸ್ಪಾರ್ಟಿಕ್. ಎರಡು ಪೀಕ್‌ಗಳು ಎಲ್ಲ ಹಂತದಲ್ಲೂ ಬೇರ್ಪಡುತ್ತವೆ ಅಂತ ಖಾತ್ರಿ ಕೊಡಲಾಗದು, ಹಾಗಾಗಿ ಗ್ರೇಡಿಯಂಟ್ (ದ್ರಾವಕದ ಮಿಶ್ರಣ ಬದಲಾಗುವ ವೇಗ) ನಿಧಾನವಾಗಿರಲಿ. ಪಕ್ಕಾ ಸಾಕ್ಷಿ ಬೇಕಿದ್ದರೆ ಡಿ ಸಿಸ್ಟೀನ್ ಹಾಕಿ ಅದೇ ಪೆಪ್ಟೈಡನ್ನು ಸಣ್ಣದಾಗಿ ಮಾಡಿ, ಎರಡನ್ನೂ ಬೆರೆಸಿ ಇಂಜೆಕ್ಟ್ ಮಾಡಿ ನೋಡಬೇಕು.

ಇನ್ನು ನಿಮ್ಮ ಮುಂದಿರುವ ದಾರಿಗಳು. ನಾನಾಗಿದ್ದರೆ ಹ್ಯಾಟು, ಡಿಐಪಿಇಎಯನ್ನು ಪೂರ್ತಿ ಬಿಡುತ್ತಿರಲಿಲ್ಲ. 9 ಮತ್ತು 10ರಂಥ ಕಷ್ಟದ ಕಪ್ಲಿಂಗ್‌ಗೆ ಅದರ ವೇಗ ಬೇಕು. ಮೇಲೆ ಹೇಳಿದ ಕ್ರಮದಲ್ಲಿ, ಅಳತೆ ತಪ್ಪದೆ ಬಳಸಿ. ಸಿಸ್ಟೀನ್, ಹಿಸ್ಟಿಡಿನ್ ಎರಡಕ್ಕೆ ಮಾತ್ರ ವಿಧಾನ ಬದಲಿಸಿ.

ಆ ಎರಡಕ್ಕೆ ಒಂದು ಆಯ್ಕೆ ಕಾಲಿಡಿನ್ ಎಂಬ ದುರ್ಬಲ ಬೇಸ್. ನೀರಿನಲ್ಲಿ ಅಳೆದ ಪಿಕೆಎ (ಬೇಸ್‌ನ ಬಲದ ಅಳತೆ, ಹೆಚ್ಚಿದ್ದಷ್ಟೂ ಬಲ) ನೋಡಿದರೆ ಡಿಐಪಿಇಎಗೆ ಸುಮಾರು 11, ಕಾಲಿಡಿನ್‌ಗೆ ಸುಮಾರು 7.4. ಡಿಎಂಎಫ್‌ನಲ್ಲಿ ಇದೇ ಅಂಕಿ ಇರುವುದಿಲ್ಲ, ಆದರೂ ಬಲದ ಅಂತರ ಅರ್ಥವಾಗುತ್ತದೆ, ಅಲ್ವಾ? ಆಮ್ಲದ ಪ್ರೋಟಾನ್ ತೆಗೆಯಲು ಕಾಲಿಡಿನ್ ಸಾಕು, ಆಲ್ಫಾ ಪ್ರೋಟಾನ್ ಎತ್ತಲು ಅಷ್ಟು ಕಸುವಿಲ್ಲ. ಸಿಸ್ಟೀನ್‌ಗೆ ಡಿಎಂಎಫ್ ಮತ್ತು ಡೈಕ್ಲೋರೊಮೀಥೇನ್ ಅರ್ಧರ್ಧ ಬಳಸಿ, ಬೆರೆಸಿಡದೆ ನೇರವಾಗಿ ರೆಸಿನ್ ಮೇಲೆ: ಮೊದಲು ಅಮೈನೊ ಆಮ್ಲ, ಹ್ಯಾಟು ಕರಗಿದ ದ್ರಾವಣ, ಅದರ ಬೆನ್ನಿಗೇ ಕಾಲಿಡಿನ್. ಕಪ್ಲಿಂಗ್ ನಿಧಾನವಾಗುತ್ತದೆ, ಹ್ಯಾಟು ಅಮೈನನ್ನು ಹಿಡಿಯುವ ಅಪಾಯವೂ ಒಂಚೂರು ಇರುತ್ತದೆ. ಹಾಗಾಗಿ ಇಲ್ಲಿ 3.8ರ ಶಿಸ್ತು ಇನ್ನೂ ಮುಖ್ಯ.

ಇನ್ನೊಂದು ಆಯ್ಕೆ ಡಿಐಸಿ ಮತ್ತು ಆಕ್ಸಿಮಾ, ಬೇಸ್ ಇಲ್ಲದೆ. ಹಿಸ್ಟಿಡಿನ್‌ಗೆ ನಾನು ಇದನ್ನೇ ಆರಿಸುತ್ತೇನೆ, ಸಿಸ್ಟೀನ್‌ಗೂ ಇದು ಚೆನ್ನಾಗಿಯೇ ನಡೆಯುತ್ತದೆ. ಇಲ್ಲಿ ‘ಸ್ವಲ್ಪ ಡಿಐಪಿಇಎ ಹಾಕಿದರೆ ಬೇಗ ಆಗಬಹುದು’ ಅಂತ ಸೇರಿಸಬೇಡಿ. ಡಿಐಸಿ ಕೆಲಸ ಮಾಡಲು ಆಮ್ಲದ ಪ್ರೋಟಾನ್ ಬೇಕು, ಬೇಸ್ ಹಾಕಿದರೆ ಅದೇ ಇಲ್ಲದಂತಾಗುತ್ತದೆ. ಕೋಣೆಯ ತಾಪಮಾನದಲ್ಲೇ ಮಾಡಿ. ಬಿಸಿ ಮಾಡಿದರೆ ಹಿಸ್ಟಿಡಿನ್ ಇಲ್ಲೂ ತಿರುಗುತ್ತದೆ. ಅಪಾಯಗಳೂ ಇವೆ. ಡಿಐಸಿ ಕಣ್ಣಿಗೆ ಬಹಳ ಕೆಟ್ಟದ್ದು, ಚರ್ಮಕ್ಕೆ ಅಲರ್ಜಿ ತರಬಲ್ಲದು. ಡಿಐಸಿ, ಆಕ್ಸಿಮಾ ಬೆರೆತಾಗ ಸ್ವಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ನಿಮ್ಮ ಸ್ಕೇಲ್‌ನಲ್ಲಿ ಅದು ಅತ್ಯಲ್ಪ, ಆದರೂ ಹುಡ್ ಒಳಗೇ ಬೆರೆಸಿ, ವೇಸ್ಟ್ ಬಾಟಲಿಯನ್ನೂ ಹುಡ್ ಒಳಗೇ ಇಡಿ, ಬೆರೆಸಿದ್ದನ್ನು ಮುಚ್ಚಿಟ್ಟು ಮರೆಯಬೇಡಿ.

ಆಸ್ಪಾರ್ಟಿಕ್‌ಗೆ ಬೇಸ್ ಬದಲಿಸಿ ಪ್ರಯೋಜನ ಕಡಿಮೆ. 5ನೇ ಹಂತದ ನಂತರ ಪಿಪೆರಿಡಿನ್ ದ್ರಾವಣಕ್ಕೆ ಸ್ವಲ್ಪ ಆಮ್ಲ, ಅಂದರೆ 0.1 ಮೋಲಾರ್ ಎಚ್‌ಒಬಿಟಿ ಅಥವಾ 5% ಫಾರ್ಮಿಕ್ ಆಮ್ಲ ಸೇರಿಸಿದರೆ ಉಂಗುರವಾಗುವುದು ತಗ್ಗುತ್ತದೆ, ನಿಲ್ಲುವುದಿಲ್ಲ. ಪೂರ್ತಿ ನಿಲ್ಲಿಸಬೇಕಾದರೆ ಗ್ಲೈಸಿನ್‌ನ ನೈಟ್ರೋಜನ್ ಮೇಲೆ ಡೈಮೆಥಾಕ್ಸಿಬೆಂಜೈಲ್ ಗುಂಪಿರುವ ಆಸ್ಪಾರ್ಟಿಕ್-ಗ್ಲೈಸಿನ್ ಡೈಪೆಪ್ಟೈಡನ್ನೇ ಒಟ್ಟಿಗೆ ಹಾಕಬೇಕು. ನೈಟ್ರೋಜನ್ ಮುಚ್ಚಿಹೋದ ಮೇಲೆ ಅದು ಎರಗುವುದು ಹೇಗೆ? ಆ ಗುಂಪು ಕೊನೆಯಲ್ಲಿ ಟಿಎಫ್‌ಎಗೆ ತಾನೇ ಹೋಗುತ್ತದೆ. ಅದೇ ಗುಂಪು ಸರಪಳಿ ಅಂಟಿಕೊಳ್ಳುವುದನ್ನೂ ತಡೆಯುತ್ತದೆ, ಹಾಗಾಗಿ ನಿಮ್ಮ ವ್ಯಾಲಿನ್‌ಗೂ ಸಹಾಯವಾದೀತು. ಇಡೀ ಯೋಜನೆಯಲ್ಲಿ ಹಣ ಖರ್ಚು ಮಾಡುವುದಿದ್ದರೆ ಇದಕ್ಕೇ ಮಾಡಿ ಅನ್ನುತ್ತೇನೆ.

ಮತ್ತೆ ಮಾಡಬೇಕಾ ಅಂತ ಕೇಳಿದಿರಿ. ಮಾಡಬೇಕು. ಉಳಿದ ಅರ್ಧ ರೆಸಿನ್ ಮೇಲಿನ ಸರಪಳಿಗಳಲ್ಲೂ ಇದೇ ತೊಂದರೆಗಳು ಆಗಲೇ ಕೂತಿವೆ, ಈಗ ಯಾವ ಬೇಸ್ ಹಾಕಿದರೂ ಸರಿಹೋಗುವುದಿಲ್ಲ. ಆದರೆ ಕೈಯಲ್ಲಿರುವುದನ್ನು ಎಸೆಯಬೇಡಿ. 8ರ ತುಂಡು ಪ್ರೆಪ್ ಎಚ್‌ಪಿಎಲ್‌ಸಿಯಲ್ಲಿ (ಪೆಪ್ಟೈಡನ್ನು ಶುದ್ಧ ಮಾಡುವ ಯಂತ್ರ) ಸಾಮಾನ್ಯವಾಗಿ ಸುಲಭವಾಗಿ ಬೇರೆಯಾಗುತ್ತದೆ. ಜೋಡಿ ಪೀಕ್ ಎರಡನ್ನೂ ಬೇರೆ ಬೇರೆ ವಯಲ್‌ಗಳಲ್ಲಿ ಹಿಡಿದು, ಒಣಗಿಸಿ, ಹೆಸರು ಬರೆದಿಡಿ. ಹೊಸ ಬ್ಯಾಚ್ ಬಂದಾಗ ಜೊತೆಗೆ ಇಂಜೆಕ್ಟ್ ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಸ್ಟ್ಯಾಂಡರ್ಡ್ ನಿಮಗೆ ಸಿಗುವುದಿಲ್ಲ. ಅಲ್ಲಿಯವರೆಗೆ ಎರಡರಲ್ಲಿ ದೊಡ್ಡ ಪೀಕ್ ಯಾವುದೋ ಅದೇ ಸರಿಯಾದ ಪೆಪ್ಟೈಡ್ ಅಂದುಕೊಂಡು ಜೀವಕೋಶಗಳ ಪ್ರಯೋಗಕ್ಕೆ ಕೊಟ್ಟುಬಿಡಬೇಡಿ. ಹತ್ತು ಡಿಪ್ರೊಟೆಕ್ಷನ್ ಕಂಡ ಆಸ್ಪಾರ್ಟಿಕ್-ಗ್ಲೈಸಿನ್ ಜೋಡಿಯಲ್ಲಿ ದೊಡ್ಡದು ಬೀಟಾ ರೂಪವೇ ಆಗಿರಲೂಬಹುದು.